ಇಂಜಿನ್ ಕೊಡಲ್ಲ

ಗುಜರಿ ಅಂಗಡಿಯಲ್ಲಿ ಅವಳು ಆ ಹಳೇ ಕಾರಿನ ಬಾನೆಟ್ ಮೇಲೆ ಕೈ ಇಟ್ಟ ಹೊತ್ತಿಗೇ, ಆ ಕಡೆಯಿಂದ ಇನ್ನೊಂದು ಕೈ ಬಂದು ಅದೇ ಬಾನೆಟ್ ಮೇಲೆ ಕೂತಿತು.

ಆ ಕೈಯನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯಬಲ್ಲಳು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ಹೆಬ್ಬೆರಳ ಬುಡದಲ್ಲಿ ತಗಡು ಕೊಯ್ದ ಹಳೇ ಗಾಯ. ಆ ಗಾಯಕ್ಕೆ ಬಟ್ಟೆ ಕಟ್ಟಿದವಳೂ ಅವಳೇ. ಈಗ ಯೋಚಿಸಿದರೆ, ತಗಡು ಇನ್ನೂ ಒಂಚೂರು ಆಳಕ್ಕೆ ಹೋಗಬಾರದಿತ್ತೇ ಅನ್ನಿಸಿತು.

"ನಾನು ಮೊದಲು ಮುಟ್ಟಿದ್ದು," ಅಂದಳು.

"ಮುಟ್ಟೋ ಆಟ ಆಡ್ತಾ ಇದೀವಾ ನಾವು?" ಅಂದ ಅವನು. ಕಿವಿಯ ಹಿಂದೆ ಪೆನ್ಸಿಲ್ ಹಾಗೇ ಇತ್ತು. ಶಾಲೆಯಿಂದ ನೆಟ್ಟಗೆ ಇಲ್ಲಿಗೇ ಓಡಿ ಬಂದಿದ್ದಾನೆ ಅಂತ ಅದೇ ಹೇಳುತ್ತಿತ್ತು.

ಅವನು ಡ್ರಾಯಿಂಗ್ ಮೇಷ್ಟ್ರು. ಊರಿಗೆಲ್ಲ 'ಅವರು'. ಅವಳ ಬಾಯಲ್ಲಿ ಮಾತ್ರ ಅವನು 'ಅವನು', ಅದೂ ಒಳ್ಳೇ ದಿನಗಳಲ್ಲಿ. ಈಚೆಗೆ ಅವಳ ಬಾಯಲ್ಲಿ ಬರುತ್ತಿದ್ದ ಬೇರೆ ಪದಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಗುಜರಿ ಅಂಗಡಿಯ ಒಡತಿ ಒಬ್ಬಳು ಅಜ್ಜಿ. ಕಿತ್ತುಹಾಕಿದ ಬಸ್ ಸೀಟಿನ ಮೇಲೆ ಮಹಾರಾಣಿಯ ಹಾಗೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. "ಏನ್ರಪ್ಪಾ ನಿಮ್ಮಿಬ್ಬರ ಗಲಾಟೆ? ಮೇಷ್ಟ್ರೇ, ನಿಮಗೆ ಏನು ಬೇಕು ಇದರಲ್ಲಿ?"

"ಇಂಜಿನ್, ಅಜ್ಜಿ. ಮಿಕ್ಕಿದ್ದು ಯಾರಾದ್ರೂ ತಗೊಳ್ಳಲಿ."

"ನಿನಗೇನು ಬೇಕಮ್ಮಾ?"

"ಅವನಿಗೆ ಯಾವುದು ಬೇಕೋ ಅದು."

ಅಜ್ಜಿ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಅವಳ ಮುಖ. "ಓ, ಅಂಥಾ ಗಿರಾಕಿಗಳಾ ನೀವು," ಅಂದು ಟೀ ಹೀರಿದಳು.

ಅವಳು ಚೌಕಾಸಿ ಕೂಡ ಮಾಡದೆ ಇಡೀ ಕಾರನ್ನು ಕೊಂಡುಬಿಟ್ಟಳು. ತುಕ್ಕು ಹಿಡಿದ ಬಾಡಿಯನ್ನು ಅಜ್ಜಿಗೇ ವಾಪಸ್ ಬಿಟ್ಟು, ಇಂಜಿನ್ ಮಾತ್ರ ಬಿಚ್ಚಿಸಿ ಟೆಂಪೋಗೆ ಹಾಕಿಸಿದಳು. ಟೆಂಪೋ ಹತ್ತುವ ಮುಂಚೆ ತಿರುಗಿ ನೋಡಿದಳು. ಅವನ ಮುಖ ಬಾಡಿರಬೇಕು ಅಂತ ಅವಳ ಆಸೆ. ನೋಡಿದರೆ ಅವನ ತುಟಿಯ ಎಡಗಡೆ ತುದಿ ಒಂದಿಷ್ಟೇ ಮೇಲಕ್ಕೆ ಹೋಗಿತ್ತು. ನಗು ತಡೆದುಕೊಳ್ಳುವಾಗ ಅವನಿಗೆ ಯಾವಾಗಲೂ ಹಾಗಾಗುತ್ತಿತ್ತು. ಮೊದಲೆಲ್ಲ ಆ ತುದಿಯನ್ನು ನೋಡಲೆಂದೇ ಅವಳು ಜೋಕು ಹೇಳುತ್ತಿದ್ದಳು.

ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾದಿದ್ದಳು. "ಮತ್ತೊಂದಾ? ಹಾಲ್‌ನಲ್ಲಿ ಕೂರೋಕೆ ಜಾಗ ಇಲ್ಲ ಕಣೇ. ಮೊನ್ನೆ ಬಂದ ಭಾವನ ಸ್ನೇಹಿತರು ಇಂಜಿನ್ ಮೇಲೆ ಕೂತು ಕಾಫಿ ಕುಡಿದು ಹೋದರು."

"ಇದು ಕೊನೇದು ಅಕ್ಕಾ. ಸುತ್ತಮುತ್ತ ಈ ಮಾಡೆಲ್ಲಿನ ಇಂಜಿನ್ ಇನ್ನೆಲ್ಲೂ ಉಳಿದಿಲ್ಲ. ಎಲ್ಲ ನಮ್ಮನೇಲೇ ಇದೆ."

"ಓಡ್ಸೋಕೆ ಕಾರಿಲ್ಲ, ಮನೆ ತುಂಬ ಇಂಜಿನ್ನು. ನಿನ್ನ ಮದುವೆಗೆ ನೋಡೋಕೆ ಬಂದವರಿಗೆ ಏನಂತ ಹೇಳಲಿ?"

"ಹುಡುಗಿ ಕೈಗುಣ ಚೆನ್ನಾಗಿದೆ, ಸೇಡಿನಲ್ಲಿ ಸ್ವಲ್ಪ ಗಟ್ಟಿಗಿತ್ತಿ ಅಂತ ಹೇಳು."

ಕೈಗುಣದ ಮಾತು ಸುಳ್ಳಲ್ಲ. ಅವಳ ಕೆಲಸ ಹಲ್ಲಿನ ಲ್ಯಾಬಿನಲ್ಲಿ. ಬೇರೆಯವರ ಬಾಯಿಗೆ ಹಲ್ಲು ಮಾಡಿಕೊಡುವುದು. ಅಚ್ಚು ನೋಡಿ, ಉಜ್ಜಿ, ಕೂದಲೆಳೆಯಷ್ಟು ತೆಗೆದು, ಮತ್ತೆ ಉಜ್ಜಿ, ಕಚ್ಚಿದರೆ ಸದ್ದಾಗದ ಹಾಗೆ ಕೂರಿಸುವುದು. ಆ ಕೈ ಸಂಜೆ ಹೊತ್ತು ಇಂಜಿನ್ ಬಿಚ್ಚುತ್ತಿತ್ತು. ಅವನು ತಗಡು ಬಡಿಯುತ್ತಿದ್ದ, ಬಣ್ಣ ಹೊಡೆಯುತ್ತಿದ್ದ. ಹೀಗೆ ಇಬ್ಬರೂ ಸೇರಿ ಒಂದು ಸಣ್ಣ ಹಳೇ ಕಾರನ್ನು ಮೇಲೆತ್ತಿದ್ದರು. ದುಂಡು ದೀಪ, ಉಬ್ಬಿದ ಕೆನ್ನೆ, ಹಿಂದಿನಿಂದ ನೋಡಿದರೆ ಕೂತ ಕೋಳಿ. ಹೆಸರು ಡುಮ್ಮಿ.

ಡುಮ್ಮಿಯ ಅಡಿಯಲ್ಲೇ ಅವರ ಪ್ರೀತಿ ಶುರುವಾಗಿದ್ದು. ಇಬ್ಬರೂ ಮಲಗಿ ಮೇಲೆ ನೋಡುತ್ತಿದ್ದಾಗ ಒಂದು ಹನಿ ಆಯಿಲ್ ಅವಳ ಹಣೆ ಮೇಲೆ ಬಿತ್ತು. ಅವನು ಒರೆಸಲು ಹೋಗಿ ಇನ್ನಷ್ಟು ಬಳಿದ. "ನೀನು ಪೇಂಟಿಂಗ್ ಮಾಡ್ತಿದೀಯೋ, ಒರೆಸ್ತಿದೀಯೋ?" ಅಂದಳು. "ಕೈ ತೆಗೆಯೋಕೆ ಮನಸ್ಸು ಬರ್ತಿಲ್ಲ," ಅಂದ. ಅಷ್ಟೇ. ಅದಕ್ಕಿಂತ ಚೆಂದದ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವಳಿಗೆ ಹುಕಿ ಹತ್ತಿತು. ಡುಮ್ಮಿ ಬರೀ ಓಡಿದರೆ ಸಾಲದು, ಹಾರಬೇಕು. ದೊಡ್ಡ ಕಾರ್ಬುರೇಟರ್ ಹಾಕಿದಳು. ಅದಕ್ಕೆ ಜಾಗ ಸಾಲಲಿಲ್ಲ. ಇಂಜಿನ್ ಅನ್ನೇ ಎರಡು ಬೆರಳಿನಷ್ಟು ಪಕ್ಕಕ್ಕೆ ವಾಲಿಸಬೇಕಾಯಿತು. ಇಂಜಿನ್ನನ್ನು ಹಿಡಿದಿಡುವ ಹಳೇ ಬ್ರಾಕೆಟ್ ಕಿತ್ತು, ಅಕ್ಕನ ಮುರುಕು ಮಂಚದ ಕಬ್ಬಿಣದಿಂದ ಹೊಸ ಬ್ರಾಕೆಟ್ ಮಾಡಿ, ಲ್ಯಾಬಿನಲ್ಲಿ ಹಲ್ಲಿಗೆ ಮಾಡುವ ಹಾಗೆ ಅರದಿಂದ ಉಜ್ಜಿ ಉಜ್ಜಿ ಕೂರಿಸಿದಳು. ಅಂದಿನಿಂದ, ಆ ಬ್ರಾಕೆಟ್ ಕೊಯ್ಯದ ಹೊರತು, ಡುಮ್ಮಿಯ ಹೊಟ್ಟೆಯೊಳಗೆ ಬೇರೆ ಯಾವ ಇಂಜಿನ್ನೂ ಕೂರುವ ಹಾಗಿರಲಿಲ್ಲ.

ಹಳೇ ಸಣ್ಣ ಕಾರುಗಳ ವರ್ಷದ ಪ್ರದರ್ಶನದಲ್ಲಿ ಡುಮ್ಮಿಗೆ ಮೊದಲ ಬಹುಮಾನದ ಬೆಳ್ಳಿ ಕಪ್ಪು ಬಂತು. ಮೈಕಿನಲ್ಲಿ ಕರೆದದ್ದು ಅವನೊಬ್ಬನ ಹೆಸರು. "ಒಂಟಿ ಕೈಯಲ್ಲಿ ಇಂಥ ಕೆಲಸ ಮಾಡಿದ ಮೇಷ್ಟ್ರಿಗೆ ಜೋರು ಚಪ್ಪಾಳೆ!" ಅವನು ಸ್ಟೇಜ್ ಹತ್ತಿದ. ಕಪ್ಪು ತಗೊಂಡ. ಮೈಕು ಅವನ ಬಾಯಿಯ ಮುಂದೆಯೇ ಇತ್ತು. ಕೆಳಗೆ ಮುಂದಿನ ಸಾಲಿನಲ್ಲಿ, ಉಗುರು ತುಂಬ ಗ್ರೀಸ್ ಇಟ್ಟುಕೊಂಡು ಅವಳು ಕಾದಳು. ಅವನು "ಥ್ಯಾಂಕ್ಯೂ" ಅಂದ. ನಕ್ಕ. ಕೈ ಬೀಸಿದ. ಇಳಿದ.

ಮರುದಿನ ಬೆಳಿಗ್ಗೆ ಅವನು ಶಾಲೆಗೆ ಹೋದ ಮೇಲೆ ಅವಳು ಚೈನು, ರಾಟೆ, ಟೆಂಪೋ ಸಮೇತ ಅವನ ಶೆಡ್ಡಿಗೆ ಬಂದಳು. ಇಂಜಿನ್ ಬಿಚ್ಚಿಕೊಂಡು ಹೋದಳು. ಬಾನೆಟ್ ಮುಚ್ಚುವಾಗ ಜೋರಾಗಿ ಬಡಿದಳು, ಅಷ್ಟೇ. ಅಳು ಬಂದದ್ದು ಟೆಂಪೋದಲ್ಲಿ. ಅದನ್ನು ನೋಡಿದ್ದು ಡ್ರೈವರ್ ಒಬ್ಬನೇ, ಅವನೂ ಪಾಪ, ಹೊಗೆಗೆ ಕಣ್ಣು ಉರೀತಿರಬೇಕು ಅಂತ ಗಾಜು ಏರಿಸಿದ.

ಆಗಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದದ್ದು ಒಂದೇ ದಿನಕ್ಕೆ. ಆ ಪ್ರದರ್ಶನದಲ್ಲಿ ಒಂದು ಪದ್ಧತಿ ಇತ್ತು. ಹಿಂದಿನ ವರ್ಷ ಗೆದ್ದ ಕಾರು ತಳ್ಳಿಸಿಕೊಳ್ಳದೆ ಇಂಜಿನ್ನಿನಲ್ಲೇ ಓಡಿಕೊಂಡು ಬಂದು, ಮೈದಾನಕ್ಕೆ ಒಂದು ಸುತ್ತು ಹಾಕಿ, ಕಪ್ಪನ್ನು ಹೊಸಬರಿಗೆ ಕೊಡಬೇಕು. ಬರಲಾಗದಿದ್ದರೆ ಕಪ್ಪಿನ ಮೇಲೆ ಕೆತ್ತಿದ ಹೆಸರನ್ನು ಎಲ್ಲರೆದುರು ಅರದಿಂದ ಉಜ್ಜಿ ಅಳಿಸುತ್ತಾರೆ. ಆ ಅರದ ಸದ್ದು ಕೇಳಬೇಕು, ಕೇಳುವಾಗ ಅವನ ಮುಖ ನೋಡಬೇಕು. ಅದಕ್ಕಾಗಿಯೇ ಅವಳ ಹಾಲ್ ತುಂಬ ಇಂಜಿನ್ನು.

ಪ್ರದರ್ಶನಕ್ಕೆ ಕೆಲವೇ ದಿನ ಇದೆ ಅನ್ನುವಾಗ ಟೈರ್ ಅಂಗಡಿಯವನು ಬಾಂಬ್ ಹಾಕಿದ. "ಗೊತ್ತಾಯ್ತಾ? ಮೇಷ್ಟ್ರಿಗೆ ದೂರದಿಂದ ಒಂದು ಇಂಜಿನ್ ಸಿಕ್ತಂತೆ. ನಾನೇ ಇಳಿಸಿಕೊಟ್ಟು ಬಂದೆ."

ಶನಿವಾರ ಬೆಳಿಗ್ಗೆ, ಶಾಲೆ ನಡೆಯುತ್ತಿರುವ ಹೊತ್ತು ನೋಡಿ, ಅವಳು ಅವನ ಮನೆಗೆ ಹೋದಳು. ಬಾಗಿಲು ತೆಗೆದದ್ದು ಅವನ ಅಮ್ಮ.

"ಬಂದ್ಯಾ? ನನ್ನ ಮಗನಿಗೆ ಬೈಯೋಕೆ ಬಂದಿದ್ರೆ ಸಂಜೆ ಬಾ. ಕದಿಯೋಕೆ ಬಂದಿದ್ರೆ ಶೆಡ್ ಬೀಗ ಹಾಕಿಲ್ಲ."

"ಸುಮ್ನೆ ನೋಡಿ ಹೋಗ್ತೀನಮ್ಮಾ."

"ನೋಡು. ನಾನು ನಿನ್ನ ನೋಡೇ ಇಲ್ಲ." ಅಮ್ಮ ಒಳಗೆ ಹೋಗಿ ರೇಡಿಯೋ ಸದ್ದು ಹೆಚ್ಚಿಸಿದಳು.

ಶೆಡ್ಡಿನಲ್ಲಿ ಅದೇ ಪ್ರೈಮರ್ ಬಣ್ಣದ ವಾಸನೆ, ಅದೇ ಗೋಡೆ ಮೇಲೆ ಅಳತೆ ಪ್ರಕಾರ ನೇತುಹಾಕಿದ ಸ್ಪ್ಯಾನರ್‌ಗಳು. ಮೂಲೆಯಲ್ಲಿ ಗೋಣಿ ಹೊದ್ದ ಇಂಜಿನ್. ಟೈರ್ ಅಂಗಡಿಯವನು ಹೇಳಿದ್ದು ನಿಜ. ಪಕ್ಕದಲ್ಲೇ ಕಬ್ಬಿಣ ಕೊಯ್ಯುವ ಮೆಷಿನ್, ಹೊಚ್ಚ ಹೊಸ ಬ್ಲೇಡ್ ಹಾಕಿ ರೆಡಿ.

ಅವಳು ಡುಮ್ಮಿಯ ಬಾನೆಟ್ ಎತ್ತಿದಳು. ಹೊಟ್ಟೆ ಖಾಲಿ. ಆದರೆ ಕೊಳೆಯಾಗಿರಲಿಲ್ಲ. ಬಿಚ್ಚಿಬಿಟ್ಟು ಹೋಗಿದ್ದ ಪೈಪುಗಳ ಬಾಯಿಗೆಲ್ಲ ಧೂಳು ಹೋಗದ ಹಾಗೆ ಬಿಳೀ ಬಟ್ಟೆ ಕಟ್ಟಿತ್ತು. ವೈರುಗಳನ್ನು ಜಡೆ ಹೆಣೆದ ಹಾಗೆ ಹೆಣೆದಿಟ್ಟಿತ್ತು. ಮತ್ತೆ ಅವಳ ಎರಡು ಬ್ರಾಕೆಟ್‌ಗಳು, ಅಕ್ಕನ ಮಂಚದ ಕಬ್ಬಿಣ, ತುಕ್ಕಿನ ಒಂದು ಚುಕ್ಕೆ ಇಲ್ಲದೆ, ತೆಳ್ಳಗೆ ಎಣ್ಣೆ ಸವರಿಸಿಕೊಂಡು ಹಾಗೇ ಇದ್ದವು.

"ಇವತ್ತು ಅರ್ಧ ದಿನ ಶಾಲೆ," ಅಂತ ಹಿಂದಿನಿಂದ ದನಿ ಬಂತು.

ಅವಳು ಬೆಚ್ಚಿ ತಲೆ ಎತ್ತಿದಳು. ಬಾನೆಟ್ಟಿಗೆ ತಲೆ ಠಣ್ ಅಂತ ಬಡಿಯಿತು. ಅವನು ಎರಡು ಹೆಜ್ಜೆ ಮುಂದೆ ಬಂದ, ಕೈ ಎತ್ತಿದ, ಆಮೇಲೆ ನೆನಪಾದವನ ಹಾಗೆ ಆ ಕೈಯನ್ನು ಜೇಬಿಗೆ ಹಾಕಿಕೊಂಡ.

"ಪೆಟ್ಟಾಯ್ತಾ?"

"ನಿನಗೇನು ಅದನ್ನ ಕಟ್ಟಿಕೊಂಡು?"

"ಡುಮ್ಮಿ ಬಾನೆಟ್ ಸೊಟ್ಟಗಾಗಿದ್ರೆ ಅಂತ ಕೇಳಿದೆ."

ಅವಳಿಗೆ ನಗು ಬರಬಾರದಿತ್ತು. ಕೆನ್ನೆಯ ಒಳಭಾಗ ಕಚ್ಚಿ ಹಿಡಿದಳು. ಅವನ ಕಣ್ಣು ಅದನ್ನು ನೋಡಿತು. ನೋಡಿತು ಅಂತ ಅವಳಿಗೂ ಗೊತ್ತಾಯಿತು. ಇಬ್ಬರೂ ಒಟ್ಟಿಗೇ ಬೇರೆ ಬೇರೆ ಕಡೆ ನೋಡಿದರು.

"ಇಂಜಿನ್ ಸಿಕ್ಕಿದೆ, ಮೆಷಿನ್ ಇದೆ. ಇನ್ನೂ ಯಾಕೆ ಕೊಯ್ದಿಲ್ಲ?" ಅಂದಳು.

"ನಿನ್ನ ಬ್ರಾಕೆಟ್ ಅಡ್ಡ ಇದೆ."

"ಅದಕ್ಕೇ ತಾನೇ ಮೆಷಿನ್ನು? ಎರಡು ಬೆರಳು ಕೊಯ್ದರೆ ಮುಗೀತು. ಸುತ್ತು ಹಾಕಬಹುದು, ಕಪ್ಪಿನ ಮೇಲೆ ನಿನ್ನ ಹೆಸರು ಸುಖವಾಗಿರುತ್ತೆ."

ಅವನು ಮೆಷಿನ್ ಎತ್ತಿಕೊಂಡು ಬಂದು ಅವಳ ಕೈಯಲ್ಲಿಟ್ಟ. "ನೀನೇ ಕೊಯ್ದುಬಿಡು. ನಾನು ಬ್ಲೇಡ್ ಹಾಕಿ ವಾರ ಆಯ್ತು. ದಿನಾ ಬಂದು ಇಲ್ಲಿ ನಿಂತ್ಕೋತೀನಿ, ಎಣ್ಣೆ ಸವರಿ ವಾಪಸ್ ಹೋಗ್ತೀನಿ."

ಮೆಷಿನ್ ಭಾರವಾಗಿತ್ತು. ಬ್ರಾಕೆಟ್ಟಿನ ಅಂಚಿನಲ್ಲಿ ಅವಳ ಅರದ ಗೆರೆಗಳು ಕಾಣುತ್ತಿದ್ದವು, ಒಂದರ ಪಕ್ಕ ಒಂದು, ಅಚ್ಚುಕಟ್ಟಾಗಿ. ಅದನ್ನು ಉಜ್ಜುವಾಗ ಅವನು ಎದುರಿಗೆ ಕೂತು ದೀಪ ಹಿಡಿದಿದ್ದ. ಕೈ ನೋಯುತ್ತೆ ಅಂತ ಒಮ್ಮೆಯೂ ಹೇಳದೆ ಹಿಡಿದಿದ್ದ.

"ನಿನಗೆ ಕೆಲಸ ಸುಲಭ ಮಾಡಿಕೊಡೋಕೆ ನಾನು ಬಂದಿಲ್ಲ," ಅಂದು ಮೆಷಿನ್ ಕೆಳಗಿಟ್ಟಳು.

"ಕ್ಷಮಿಸು," ಅಂದ ಅವನು. ಮೆತ್ತಗೆ, ನೆಲ ನೋಡಿಕೊಂಡು. "ಅವತ್ತು ನಾನು..."

"ನಿಲ್ಸು! ಮೈದಾನದ ತುಂಬ ಜನ ಇದ್ದಾಗ ಬಾಯಿಗೆ ಬೀಗ. ಇಲ್ಲಿ ಶೆಡ್ಡಿನಲ್ಲಿ, ಕೇಳೋಕೆ ಒಂದು ನರಪಿಳ್ಳೆ ಇಲ್ಲದಾಗ ಕ್ಷಮೆ. ಎಷ್ಟು ಅಗ್ಗ ಕಣೋ ನಿನ್ನ ಕ್ಷಮೆ! ನಿನ್ನ ಮೇಲೆ ಕೋಪ ಅಂದ್ಕೊಂಡಿದೀಯಾ? ಕೋಪ ಆಗಿದ್ರೆ ಇಷ್ಟು ಹೊತ್ತಿಗೆ ಇಳಿದುಹೋಗ್ತಿತ್ತು. ನನಗೆ ಸೇಡು ಬೇಕು. ನಿನ್ನ ಹೆಸರು ಪುಡಿಯಾಗಿ ನೆಲಕ್ಕೆ ಉದುರೋದನ್ನ ನೋಡಬೇಕು."

ಅವಳು ಬಾಗಿಲ ತನಕ ಹೋದಾಗ, "ಇಂಜಿನ್ ಚೆನ್ನಾಗಿದೆಯಾ?" ಅಂತ ಕೇಳಿದ.

"ನಮ್ಮ ಹಾಲ್‌ನಲ್ಲಿದೆ. ಸೋಫಾ ಪಕ್ಕ. ನಿನ್ನ ವಿಚಾರ ಅದು ಕೇಳೋದೂ ಇಲ್ಲ."

ಸುಳ್ಳು. ಪ್ರತೀ ಭಾನುವಾರ ಅದನ್ನು ಒರೆಸುವಾಗ ಅವನ ನೆನಪೇ ಆಗುತ್ತಿತ್ತು. ಆ ನೆನಪಿಗೂ ಸೇರಿಸಿ ಅವನಿಗೆ ಶಿಕ್ಷೆಯಾಗಬೇಕು ಅಂತ ಅವಳ ಲೆಕ್ಕ.

ಪ್ರದರ್ಶನದ ದಿನ ಅವಳು ಅಕ್ಕನ ಇಸ್ತ್ರಿ ಮಾಡಿದ ಕೆಂಪು ಕುರ್ತಾ ಹಾಕಿಕೊಂಡಳು. ಶತ್ರುವಿನ ಸೋಲು ನೋಡಲು ಹೋಗುವಾಗ ಚೆನ್ನಾಗಿ ಕಾಣಬೇಕಲ್ಲ. ಹಿಂದಿನ ವರ್ಷ ಕೂತ ಜಾಗದಲ್ಲೇ, ಮುಂದಿನ ಸಾಲಿನಲ್ಲೇ ಕೂತಳು. ಮೈದಾನ ತಗ್ಗಿನಲ್ಲಿತ್ತು. ರಸ್ತೆಯಿಂದ ಕಾರುಗಳು ಇಳಿಜಾರಿನಲ್ಲಿ ಒಂದೊಂದಾಗಿ ಇಳಿದು ಬರುತ್ತಿದ್ದವು. ಅವಳ ಕಿವಿ ಮಾತ್ರ ಒಂದೇ ಸದ್ದಿಗೆ ನೆಟ್ಟಗಾಗಿತ್ತು. ಬೇರೆ ಇಂಜಿನ್ ಹಾಕಿದ ಡುಮ್ಮಿಯ ಸದ್ದು ಬಂದರೆ, ಬ್ರಾಕೆಟ್ ಕೊಯ್ದ ಅಂತ ಅರ್ಥ. ಕೊಯ್ದಿದ್ದರೆ ಅವನು ಗೆದ್ದ, ತನ್ನ ಕಥೆ ಮುಗೀತು. ಆ ಸದ್ದು ಬರದಿರಲಿ ಅಂತ ಅವಳು ಬೇಡಿಕೊಳ್ಳುತ್ತಿದ್ದಳು. ಸೇಡಿಗಾಗಿಯೇ ಬೇಡುತ್ತಿದ್ದೇನೆ ಅಂತ ತನಗೆ ತಾನೇ ಒತ್ತಿ ಒತ್ತಿ ಹೇಳಿಕೊಂಡಳು.

ಸದ್ದು ಬರಲಿಲ್ಲ. ಬಂದದ್ದು ನಗು. ಮೊದಲು ಹಿಂದಿನ ಸಾಲಿನಿಂದ, ಆಮೇಲೆ ಎಲ್ಲ ಕಡೆಯಿಂದ.

ಡುಮ್ಮಿ ಬರುತ್ತಿತ್ತು. ಬಾನೆಟ್ ಬಿಚ್ಚಿಹಾಕಿ, ಖಾಲಿ ಹೊಟ್ಟೆಯನ್ನು ಊರಿಗೆಲ್ಲ ತೋರಿಸಿಕೊಂಡು. ಡ್ರೈವರ್ ಬಾಗಿಲು ತೆರೆದು, ಒಂದು ಕೈ ಸ್ಟೀರಿಂಗ್ ಮೇಲೆ, ಹೆಗಲು ಕಂಬಿಗೆ ಕೊಟ್ಟು, ಅವನು ಒಬ್ಬನೇ ತಳ್ಳುತ್ತಿದ್ದ. ಬಿಳೀ ಶರ್ಟು ಬೆನ್ನಿಗೆ ಅಂಟಿತ್ತು. ಮೈದಾನದ ಸುತ್ತ ತಳ್ಳಿದ. ಪೂರ್ತಿ ಒಂದು ಸುತ್ತು. ಅವನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅವಳು ಕಾದಿದ್ದು ಇದಕ್ಕೇ. ಆದರೆ ಖುಷಿ ಬರಲಿಲ್ಲ. ಪಕ್ಕದವನು ಕಿಸಿಕಿಸಿ ಅಂದಾಗ, "ಅದರಲ್ಲಿ ನಗೋದು ಏನ್ರೀ ಇದೆ?" ಅಂತ ಅವನ ಮೇಲೆ ಹರಿಹಾಯ್ದಳು.

ಅವನು ಕಪ್ಪು ಹಿಡಿದು ಸ್ಟೇಜ್ ಹತ್ತಿದ. ಕೇಳದೆಯೇ ಮೈಕು ತಗೊಂಡ. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಈ ಕಾರಿನಲ್ಲಿ ನಾನು ಮಾಡಿದ್ದು ತಗಡು ಮತ್ತೆ ಬಣ್ಣ. ಓಡೋ ಹಾಗೆ ಮಾಡಿದ್ದು ಅವಳು. ಅಲ್ಲಿ, ಮುಂದಿನ ಸಾಲು, ಕೆಂಪು ಕುರ್ತಾ. ಹೋದ ವರ್ಷ ಒಂಟಿ ಕೈ ಅಂತ ನನ್ನ ಹೊಗಳಿದಿರಿ. ಸುಳ್ಳು ಅಂತ ಗೊತ್ತಿತ್ತು. ಮೈಕು ಹೀಗೇ ಮುಂದೆ ಇತ್ತು. ಆದರೆ ಚಪ್ಪಾಳೆ ಕೇಳೋಕೆ ತುಂಬ ಚೆನ್ನಾಗಿತ್ತು. ಹಂಚಿಕೊಳ್ಳೋಕೆ ಮನಸ್ಸಾಗಲಿಲ್ಲ. ಬೇರೆ ಕಾರಣ ಏನೂ ಇಲ್ಲ, ಹುಡುಕಿದೆ, ಸಿಗಲಿಲ್ಲ." ಕಪ್ಪನ್ನು ಮೇಜಿನ ಮೇಲಿಟ್ಟ. "ಕಾರು ಓಡಿಕೊಂಡು ಬರಲಿಲ್ಲ. ಹೆಸರು ಅಳಿಸಿ."

ಸಂಘದ ಅಧ್ಯಕ್ಷರು ಅರ ಹಿಡಿದು ಏನು ಮಾಡಬೇಕೋ ತೋಚದೆ ನಿಂತಿದ್ದರು. ಅವಳು ಎದ್ದಳು. ಸ್ಟೇಜ್ ಹತ್ತಿ ಅವರ ಕೈಯಿಂದ ಅರ ತಗೊಂಡಳು.

"ಕೊಡಿ ಇಲ್ಲಿ. ನಿಮಗೆ ಬರಲ್ಲ."

ಅವನು ಎರಡೂ ಕೈಯಲ್ಲಿ ಕಪ್ಪನ್ನು ಅಲ್ಲಾಡದ ಹಾಗೆ ಹಿಡಿದ. ಅವಳು ಉಜ್ಜಿದಳು. ಮೊದಲ ಅಕ್ಷರ, ಎರಡನೇದು, ಮೂರನೇದು. ಅಯ್ಯೋ ಪಾಪ ಅಂತ ಅರ್ಧಕ್ಕೆ ಬಿಡುತ್ತಾಳೆ ಅಂತ ಜನ ಕಾದರು. ಅವಳು ಅರ್ಧಕ್ಕೆ ಬಿಡುವವಳಲ್ಲ. ಪೂರ್ತಿ ಅಳಿಸಿ, ಬೆರಳಿನಿಂದ ಸವರಿ ನೋಡಿ, ಇನ್ನೂ ಒಂದು ಕಡೆ ತರಿ ಇದೆ ಅಂತ ಮತ್ತೆರಡು ಸಲ ಉಜ್ಜಿದಳು. ಬೆಳ್ಳಿ ಪುಡಿ ಅವನ ಕೈ ಮೇಲೆ ಉದುರಿತು. ಹೆಬ್ಬೆರಳ ಆ ಹಳೇ ಗಾಯದ ಮೇಲೂ ಒಂಚೂರು. ಅದನ್ನು ಮಾತ್ರ ಅವಳು ಊದಿ ತೆಗೆದಳು.

"ತೀರ್ತಾ?" ಅಂದ ಅವನು, ಅವಳಿಗಷ್ಟೇ ಕೇಳುವ ಹಾಗೆ.

"ಎಲ್ಲಿಂದ ತೀರುತ್ತೆ? ಸೇಡನ್ನೂ ನೀನೇ ತೀರಿಸಿಬಿಟ್ಟೆ! ವರ್ಷ ಪೂರ್ತಿ ಕಾದಿದ್ದು ನಾನು. ಅವಮಾನ ನಾನು ಮಾಡಬೇಕಿತ್ತು. ಅದನ್ನೂ ನನಗೆ ಬಿಡಲಿಲ್ಲ ನೀನು." ಅವಳ ಕಣ್ಣು ತುಂಬಿತ್ತು. ದನಿ ಮಾತ್ರ ಜಗಳದ್ದೇ. "ಬ್ರಾಕೆಟ್ ಯಾಕೋ ಕೊಯ್ಯಲಿಲ್ಲ?"

"ಅದನ್ನ ಕೊಯ್ದರೆ ನಿನ್ನದು ಅಂತ ನನ್ನ ಹತ್ತಿರ ಏನೂ ಉಳೀತಿರಲಿಲ್ಲ," ಅಂದ. "ನನಗೆ ಚಪ್ಪಾಳೆ ಬೇಡ. ನೀನು ಬೇಕು."

ಅವಳು ಅರವನ್ನು ಅಧ್ಯಕ್ಷರ ಕೈಗೆ ಕೊಟ್ಟು, ಕಪ್ಪಿನ ಬರಿದಾದ ಜಾಗ ತೋರಿಸಿದಳು. "ಇಲ್ಲಿ ಈಗ ಏನೂ ಕೆತ್ತಬೇಡಿ. ಮುಂದಿನ ವರ್ಷ ನಾವೇ ಬರ್ತೀವಿ." 'ನಾವು' ಅನ್ನುವಾಗ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಆ ತುಟಿಯ ತುದಿ ಮೇಲೆ ಹೋಗಿದ್ದು ಕಾಣುತ್ತಿತ್ತು.

ಸ್ಟೇಜ್ ಇಳಿದು ನೆಟ್ಟಗೆ ಡುಮ್ಮಿಯ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಳ್ಳು," ಅಂದಳು.

ಮೈದಾನದಿಂದ ರಸ್ತೆಗೆ ಏರು ದಾರಿ. ಸಹಾಯಕ್ಕೆ ಓಡಿ ಬಂದವರನ್ನೆಲ್ಲ ಅವಳು ಕೈ ಬೀಸಿ ಹಿಂದೆ ಕಳಿಸಿದಳು. ಅವನೊಬ್ಬನೇ ಹಿಂದೆ ನಿಂತು ಎರಡೂ ಕೈ ಕೊಟ್ಟು ತಳ್ಳಿದ. ಡುಮ್ಮಿ ಮುಲುಕುತ್ತಾ ಮೇಲೇರಿತು. ಅವಳು ಹಿಂದಿನ ಕನ್ನಡಿಯನ್ನು ಅವನ ಮುಖ ಕಾಣುವ ಹಾಗೆ ತಿರುಗಿಸಿಕೊಂಡಳು. ಕೆಂಪಾದ ಮುಖ, ಬೆವರು, ಕಿವಿಯ ಹಿಂದೆ ಇನ್ನೂ ಬೀಳದ ಪೆನ್ಸಿಲ್. ನೋಡಿದಷ್ಟೂ ಸಾಲದು ಅನ್ನಿಸಿತು.

ಏರು ಮುಗಿದು ರಸ್ತೆ ಸಮವಾಯಿತು. ಆದರೂ ಕಾರು ಹಗುರವಾಗಲಿಲ್ಲ. ಅವನು ತಳ್ಳುತ್ತಲೇ ಒಂದು ನಿಮಿಷ ಯೋಚಿಸಿದ.

"ಏಯ್, ಬ್ರೇಕ್ ಮೇಲೆ ಕಾಲಿಟ್ಟಿದೀಯಾ?"

"ಇಟ್ಟಿದೀನಿ."

"ಎಲ್ಲಿ ತನಕ?"

"ನಮ್ಮನೆ ತನಕ. ಇಂಜಿನ್ ಅಲ್ಲೇ ತಾನೇ ಇರೋದು," ಅಂದಳು ಅವಳು, ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತಾ. "ತಳ್ಳು, ಮೇಷ್ಟ್ರೇ. ನನ್ನ ಕೋಪ ಇನ್ನೂ ಸ್ವಲ್ಪ ಇದೆ."

ಅವನು ಹೆಗಲು ಕೊಟ್ಟು ತಳ್ಳಿದ. ಅವಳು ಬ್ರೇಕಿನಿಂದ ಕಾಲು ತೆಗೆಯಲಿಲ್ಲ, ದಾರಿ ಬೇಗ ಮುಗಿಯುವುದು ಅವಳಿಗೂ ಬೇಕಿರಲಿಲ್ಲ.